ಕಟ್ಟುವ ಮೊದಲು ಕೇಳುವುದು

ಕೋಡಿಬಾಗದಲ್ಲಿ ಕಾಳಿ ನದಿಯು ಕಡಲನ್ನು ಸೇರುವ ಎಡೆಯಲ್ಲಿ ನಿಂತು ಯಾರನ್ನಾದರೂ ಕೂಗಿದರೆ, ಆ ಕೂಗು ಮರಳಿನ ಮೇಲೂ ನೀರಿನ ಮೇಲೂ ಹರಡಿಹೋಗುತ್ತದೆ, ಮರಳಿ ಬರುವುದಿಲ್ಲ. ದೂರದವರಿಗೆ ಅದು ಕ್ಷೀಣವಾಗಿ ಕೇಳಿಸಬಹುದು, ಆದರೆ ಕಲಸಿಹೋಗುವುದಿಲ್ಲ. ಅದೇ ಕೂಗು ನಾಲ್ಕು ಗೋಡೆಗಳ ನಡುವೆ ಹೊರಟರೆ ಅದರ ಗತಿಯೇ ಬೇರೆ. ಈ ಭೇದವನ್ನು ನಾನು ತಿಳಿದುಕೊಂಡದ್ದು ತಡವಾಗಿ, ಅದೂ ಒಬ್ಬ ವಿದ್ಯಾರ್ಥಿಗೆ ಅನ್ಯಾಯ ಮಾಡಿದ ಮೇಲೆ.

ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಎರಡು ತರಗತಿಗಳನ್ನು ಕೂಡಿಸಿ ದೊಡ್ಡ ಸಭಾಂಗಣದಲ್ಲಿ ಕುಳ್ಳಿರಿಸುವ ರೂಢಿಯಿತ್ತು. ಉಕ್ತಲೇಖನದಲ್ಲಿ ನಾನು ‘ಮಡಿಲು’ ಎಂದರೆ ಕೊನೆಯ ಬೆಂಚಿನ ಹುಡುಗನೊಬ್ಬ ‘ಕಡಲು’ ಎಂದು ಬರೆಯುತ್ತಿದ್ದ. ಅಲಕ್ಷ್ಯವೆಂದು ಬಗೆದು ಗದರಿದೆ. ಒಂದು ದಿನ ಸಹೋದ್ಯೋಗಿಯೊಬ್ಬರು ಪಾಠ ಮಾಡುತ್ತಿರುವಾಗ ಅದೇ ಬೆಂಚಿನಲ್ಲಿ ಕುಳಿತು ಕೇಳಿದೆ. ಧ್ವನಿ ಜೋರಾಗಿಯೇ ಇತ್ತು. ಮಾತು ಮಾತ್ರ ತಿಳಿಯಲಿಲ್ಲ. ಆ ಹುಡುಗನ ಪುಸ್ತಕದಲ್ಲಿ ನಾನು ಎಳೆದ ಕೆಂಪು ಗೆರೆಗಳಲ್ಲಿ ಎಷ್ಟು ಅವನ ತಪ್ಪಿಗೆ, ಎಷ್ಟು ಗೋಡೆಗಳ ತಪ್ಪಿಗೆ ಎಂದು ಇಂದಿಗೂ ಹೇಳಲಾರೆ.

ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಕೋಣೆಯೊಳಗೆ ಅದು ಗೋಡೆ, ನೆಲ, ಚಾವಣಿಗಳಿಗೆ ಬಡಿದು ಮತ್ತೆ ಮತ್ತೆ ಹಿಂದಿರುಗುವುದರಿಂದ ಒಂದು ಅಕ್ಷರದ ಬಾಲವು ಮುಂದಿನ ಅಕ್ಷರವನ್ನು ಮುಚ್ಚುತ್ತದೆ. ಇದೇ ಅನುರಣನ. ವಿಜಯಪುರದ ಗೋಳಗುಮ್ಮಟದಲ್ಲಿ ಧ್ವನಿಯ ಇಂಥ ಮರುಕಳಿಕೆಯೇ ಸೊಗಸು. ಅಲ್ಲಿಯ ಪಿಸುಮಾತಿನ ಮೊಗಸಾಲೆಯ ವಿಷಯವಾಗಿ ಸಿ. ವಿ. ರಾಮನ್ನರು 1922ರಲ್ಲಿ ಬರೆದಿದ್ದಾರೆ. ಆದರೆ ಆ ಗುಮ್ಮಟದಡಿಯಲ್ಲಿ ವ್ಯಾಕರಣ ಪಾಠ ಹೇಳಲು ಯಾರೂ ಒಪ್ಪಲಾರರು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಮೊಳಗುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರು ಸಮೀಪದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು ಹರವಿ, ಅನುರಣನವು ಎಷ್ಟು ಕುಗ್ಗುವುದೆಂದು ಅಳೆದರು. ಅವರು ಕಂಡುಕೊಂಡ ಸೂತ್ರ ಸರಳ: ಕೋಣೆಯ ಘನಗಾತ್ರ ಹೆಚ್ಚಿದಷ್ಟೂ ಅನುರಣನ ದೀರ್ಘ, ಶಬ್ದವನ್ನು ಹೀರುವ ವಸ್ತು ಹೆಚ್ಚಿದಷ್ಟೂ ಹ್ರಸ್ವ. ಇಪ್ಪತ್ತು ಮೀಟರು ಉದ್ದ, ಹನ್ನೆರಡು ಅಗಲ, ಐದು ಎತ್ತರದ, ಬರಿಯ ಗಾರೆಯ ಸಭಾಂಗಣವು ಬರಿದಾಗಿದ್ದಾಗ ಈ ಲೆಕ್ಕದಂತೆ ಸುಮಾರು ಎಂಟು ಸೆಕೆಂಡು ಮೊಳಗುತ್ತದೆ. ಇನ್ನೂರು ಮಕ್ಕಳು ಕುಳಿತರೆ ಎರಡು ಸೆಕೆಂಡುಗಳ ಸಮೀಪಕ್ಕೆ ಇಳಿಯುತ್ತದೆ. ಪಾಠಕ್ಕೆ ಅದೂ ಅಧಿಕವೇ.

ಆದರೆ ಈ ಸೂತ್ರವು ಇಡೀ ಕೋಣೆಗೆ ಒಂದೇ ಅಂಕಿಯನ್ನು ಕೊಡುತ್ತದೆ. ಕೊನೆಯ ಬೆಂಚಿನ ಪಾಡನ್ನು ಬೇರೆಯಾಗಿ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಗಣಕಯಂತ್ರ. 1968ರಲ್ಲಿ ನಾರ್ವೆಯ ಮೂವರು ಸಂಶೋಧಕರು ಇದರ ಒಂದು ವಿಧಾನವನ್ನು ಪ್ರಕಟಿಸಿದರು. ಕಟ್ಟಡದ ನಕ್ಷೆಯನ್ನು ಯಂತ್ರಕ್ಕೆ ಒದಗಿಸಿ, ಭಾಷಣಕಾರನು ನಿಲ್ಲುವ ಬಿಂದುವಿನಿಂದ ಸಾವಿರಾರು ಶಬ್ದಕಿರಣಗಳನ್ನು ಎಲ್ಲ ದಿಕ್ಕಿಗೂ ಹೊರಡಿಸುತ್ತಾರೆ. ಪ್ರತಿಯೊಂದು ಕಿರಣವೂ ಗೋಡೆಗೆ ಬಡಿದಾಗಲೆಲ್ಲ ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತ ಸಾಗುತ್ತದೆ. ಯಾವ ಆಸನಕ್ಕೆ ಎಷ್ಟು, ಯಾವ ಕ್ಷಣದಲ್ಲಿ ಬಂದು ಮುಟ್ಟಿತೆಂಬುದನ್ನು ಯಂತ್ರ ಬರೆದಿಡುತ್ತದೆ. ಈಗಂತೂ ಇನ್ನೂ ಕಟ್ಟದ ಸಭಾಂಗಣದ ಕೊನೆಯ ಸಾಲಿನಲ್ಲಿ ‘ಕುಳಿತು’ ಮಾತನ್ನು ಕಿವಿಯಾರೆ ಕೇಳಿ ನೋಡಬಹುದು. ಮಂದ್ರಸ್ವರದ ಅಲೆಗಳು ಕಂಬಗಳನ್ನು ಬಳಸಿ ಬಾಗುವುದರಿಂದ ಕಿರಣಗಳ ಲೆಕ್ಕ ಅಲ್ಲಿ ಸೋಲುತ್ತದೆ. ಅದಕ್ಕೆ ಬೇರೆ ಗಣಿತ ಬೇಕು.

ಇಷ್ಟೆಲ್ಲ ಇದ್ದೂ ನಾವು ಮಾಡುವುದೇನು? ಮಾತು ತಿಳಿಯದ ಸಭಾಂಗಣವನ್ನು ಕಟ್ಟಿ, ಬಳಿಕ ಇನ್ನೂ ದೊಡ್ಡ ಧ್ವನಿವರ್ಧಕವನ್ನು ಕೊಳ್ಳುತ್ತೇವೆ. ಅದು ಮಾತಿನ ಜೊತೆಗೆ ಮೊಳಗನ್ನೂ ಹಿಗ್ಗಿಸುತ್ತದೆ. ಸಭಾಂಗಣಗಳ ಧ್ವನಿವಿನ್ಯಾಸಕ್ಕೆ ಭಾರತೀಯ ಮಾನಕವು 1963ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಸಾಮಾನ್ಯ ಕಚೇರಿಯ ಗಣಕಯಂತ್ರವೂ ಇಂದು ಈ ಲೆಕ್ಕವನ್ನು ಮಾಡಬಲ್ಲದು. ಆದುದರಿಂದ ಶಾಲಾ ಸಭಾಂಗಣದ ನಕ್ಷೆಗೆ ಮಂಜೂರಾತಿ ಕೇಳುವಾಗ ಖರ್ಚಿನ ಅಂದಾಜುಪಟ್ಟಿಯ ಜೊತೆಗೆ ಕೊನೆಯ ಬೆಂಚಿನ ಲೆಕ್ಕವನ್ನೂ ಲಗತ್ತಿಸಬೇಕೆಂಬುದು ನನ್ನ ಅಭಿಪ್ರಾಯ. ನಕ್ಷೆಯಲ್ಲಿ ಚಾವಣಿಯನ್ನು ತಗ್ಗಿಸಲು ರಬ್ಬರು ಸಾಕು.

ನಮ್ಮ ಕರಾವಳಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ಯಂತ್ರವು ತಾನು ಕಾಣದ ಊರಿನ ಹವೆಯನ್ನು ಊಹಿಸಲಾರದು. ಆಷಾಢದ ಮಳೆ ತಗಡಿನ ಚಾವಣಿಯ ಮೇಲೆ ಸುರಿಯುವ ಸದ್ದನ್ನು ಅಳೆದು ನಾವೇ ಅದಕ್ಕೆ ಒದಗಿಸಬೇಕು. ಕಾರವಾರದಲ್ಲಿ ಶಾಲೆಗಳು ತೆರೆಯುವುದೇ ಮಳೆಯೊಂದಿಗೆ.