ಪಟ್ಟಣಕ್ಕೆ ಹೋದ ಬಡವನು ಯಾವ ಪಾಸು ಕೊಳ್ಳಬೇಕು?

ನಮ್ಮ ಜನ ಬೆಂಗಳೂರಿಗೆ ಹೋಗುವುದು ಸುಖಪ್ರವಾಸಕ್ಕಲ್ಲ. ಗಿರಣಿ ಕಾರ್ಮಿಕನು ಹೋಗುವುದು ಭವಿಷ್ಯನಿಧಿಯ ಬಾಕಿ ಕೇಳುವುದಕ್ಕೆ, ಹೈಕೋರ್ಟಿನ ವಾಯಿದೆಗೆ, ಕಿದ್ವಾಯಿ ಆಸ್ಪತ್ರೆಯಲ್ಲಿ ಮಲಗಿರುವ ತಾಯಿಯನ್ನು ನೋಡುವುದಕ್ಕೆ. ಸಣ್ಣ ವ್ಯಾಪಾರಿ ಹೋಗುವುದು ಚಿಕ್ಕಪೇಟೆಯ ಸಗಟು ಅಂಗಡಿಗೆ. ಒಬ್ಬನು ಒಂದು ಪಾಳಿಯ ಕೂಲಿ ಬಿಟ್ಟು ಹೋಗುತ್ತಾನೆ, ಇನ್ನೊಬ್ಬನು ಒಂದು ದಿನ ಅಂಗಡಿಯ ಬಾಗಿಲು ಹಾಕಿ ಹೋಗುತ್ತಾನೆ. ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದವನಿಗೆ ಎದುರಾಗುವ ಮೊದಲ ಪ್ರಶ್ನೆ: ಟಿಕೆಟ್ಟೋ, ಕಾರ್ಡೋ, ಪಾಸೋ? ಇದೊಂದು ಪ್ರಶ್ನೆಯೇ ಎಂದು ನಗುವವರು ಸ್ವಂತ ಕಾರಿನಲ್ಲಿ ತಿರುಗುವವರು. ಇಲ್ಲಿ ತಪ್ಪಿ ಕಳೆದ ಎಪ್ಪತ್ತು ಎಂಬತ್ತು ರೂಪಾಯಿ ಬಡವನ ಮಧ್ಯಾಹ್ನದ ಊಟ.

ಮೊದಲು ಲೆಕ್ಕ ಮಾಡೋಣ. ನಾಲ್ಕನೇ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ.

ಸರ್ಕಾರವು 2025ರ ಜನವರಿಯಲ್ಲಿ ಬಸ್ಸಿನ ದರವನ್ನು ನೂರಕ್ಕೆ 15ರಷ್ಟು ಏರಿಸಿತು. ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 6 ಆಯಿತು, ದಿನದ ಪಾಸು 70ರಿಂದ 80ಕ್ಕೆ ಹೋಯಿತು, ವಾರದ ಪಾಸು 300ರಿಂದ 350ಕ್ಕೆ. ಹವಾನಿಯಂತ್ರಿತ ವಜ್ರ ಬಸ್ಸಿನ ದಿನದ ಪಾಸು 140. ಹಾಗಾದರೆ ಇಪ್ಪತ್ತು ರೂಪಾಯಿಯ ಟಿಕೆಟ್ಟನ್ನು ನಾಲ್ಕು ಸಲ ಕೊಂಡರೆ ಸಾಮಾನ್ಯ ಪಾಸಿನ ಬೆಲೆ ಮುಟ್ಟಿತು. ಆಸ್ಪತ್ರೆ, ಔಷಧದ ಅಂಗಡಿ, ನೆಂಟರ ಮನೆ, ಮತ್ತೆ ನಿಲ್ದಾಣ ಎಂದು ನಾಲ್ಕು ಕಡೆ ಸುತ್ತುವವನು ಕಣ್ಣುಮುಚ್ಚಿ ದಿನದ ಪಾಸು ಕೊಳ್ಳಬಹುದು. ಒಂದೇ ಕಡೆಗೆ ಹೋಗಿ ಬರುವವನು ಕೊಳ್ಳಬಾರದು. ಇಷ್ಟು ಸರಳ.

ಹೆಂಗಸರ ಮಾತು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು, ಅಷ್ಟೆ. ಇದನ್ನು ಭಿಕ್ಷೆಯೆಂದು ಹೀಗಳೆಯುವವರ ಜೊತೆ ನಾವಿಲ್ಲ. ಗಾರ್ಮೆಂಟ್ಸ್ ಹುಡುಗಿಯರ ಕೈಯಲ್ಲಿ ಉಳಿದ ದುಡ್ಡು ಯಾರ ಬೊಕ್ಕಸಕ್ಕೂ ನಷ್ಟವಲ್ಲ. ಆದರೆ ವಜ್ರ ಬಸ್ಸಿಗೆ ಈ ಸೌಲಭ್ಯವಿಲ್ಲ. ಗೊತ್ತಿಲ್ಲದೆ ಹತ್ತಿದ ಮೇಲೆ ಕಂಡಕ್ಟರನ ಜೊತೆ ವಾದ ಮಾಡಿ ಫಲವಿಲ್ಲ. ಆತನೂ ದುಡಿಯುವವನೇ, ನಿಯಮ ಮಾಡಿದವನಲ್ಲ.

ಇನ್ನು ಮೆಟ್ರೋ. ಇಲ್ಲಿ ಲೆಕ್ಕ ಬಿಗಿಯಾಗುತ್ತದೆ. 2025ರ ಫೆಬ್ರವರಿ 9ರಂದು ಮೆಟ್ರೋದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಲಾಯಿತು. ಕನಿಷ್ಠ 10 ಹಾಗೆಯೇ ಉಳಿಯಿತು. ಜನ ರೊಚ್ಚಿಗೆದ್ದರು, ಅನೇಕರು ಮೆಟ್ರೋ ಹತ್ತುವುದನ್ನೇ ಬಿಟ್ಟರು. ಐದೇ ದಿನದಲ್ಲಿ ಕೆಲವು ಹಂತಗಳ ದರ ಇಳಿಸಬೇಕಾಯಿತು. ಆದರೂ 90 ಎಂಬುದು 90ರಲ್ಲಿಯೇ ನಿಂತಿತು. 2026ರ ಜನವರಿಯಲ್ಲಿ ಮೊಬೈಲಿನಲ್ಲಿ ಕೊಳ್ಳುವ ಪಾಸುಗಳು ಬಂದವು: ಒಂದು ದಿನಕ್ಕೆ 250, ಮೂರು ದಿನಕ್ಕೆ 550, ಐದು ದಿನಕ್ಕೆ 850. ಆ 90ರ ದರದಲ್ಲಿ ಊರ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೂ 180 ರೂಪಾಯಿ. ಮೂರನೆಯ ಸಲ ತುದಿಗೆ ಓಡಿದರೆ ಮಾತ್ರ 270 ಆಗಿ, ಪಾಸು ಕೊಂಡವನಿಗೆ ಇಪ್ಪತ್ತು ರೂಪಾಯಿ ಉಳಿಯುತ್ತದೆ. ದಿನಕ್ಕೆ ಮೂರು ಸಲ ತುದಿಯಿಂದ ತುದಿಗೆ ಓಡುವ ಕೆಲಸ ಯಾವ ಕಾರ್ಮಿಕನಿಗಿದೆ? ಮೆಜೆಸ್ಟಿಕ್ಕಿನಿಂದ ಚಿಕ್ಕಪೇಟೆಗೆ ಒಂದೇ ನಿಲ್ದಾಣ. ಅದಕ್ಕೆ ಹತ್ತು ರೂಪಾಯಿ. ಗಂಟು ಹಗುರವಾಗಿದ್ದರೆ ನಡೆದೇ ಹೋಗಬಹುದು.

ಕಾರ್ಡು ಕೊಳ್ಳಿರಿ, ರಿಯಾಯಿತಿ ಇದೆ ಎಂದು ಬುದ್ಧಿ ಹೇಳುವವರಿದ್ದಾರೆ. ರಿಯಾಯಿತಿ ನೂರಕ್ಕೆ 5. ಜನಸಂದಣಿಯಿಲ್ಲದ ಹೊತ್ತಿನಲ್ಲಿ 10. ಕಾರ್ಡಿನ ಬೆಲೆ 50 ರೂಪಾಯಿ. ಐದರ ಲೆಕ್ಕದಲ್ಲಿ ಆ 50 ಹುಟ್ಟಬೇಕಾದರೆ ಸಾವಿರ ರೂಪಾಯಿಯಷ್ಟು ಪ್ರಯಾಣ ಮಾಡಬೇಕು! ವರ್ಷಕ್ಕೆ ಎರಡು ಸಲ ಬರುವ ನೇಕಾರನು ಆ ಸಾವಿರವನ್ನು ಮುಟ್ಟುವುದು ಯಾವ ಕಾಲಕ್ಕೆ? ಇಂಥವನಿಗೆ ಟೋಕನ್ನೇ ವಾಸಿ. ಟೋಕನ್ನಿಗೆ ರಿಯಾಯಿತಿಯಿಲ್ಲ.

ಇಲ್ಲಿಯೇ ನಮ್ಮ ತಕರಾರು. ಯಾರಿಗೆ ರಿಯಾಯಿತಿ ಸಿಗುತ್ತದೆಂದು ನೋಡಿರಿ. ಮುಂಗಡ ದುಡ್ಡು ಹಾಕಬಲ್ಲವನಿಗೆ, ಕೈಯಲ್ಲಿ ದೊಡ್ಡ ಮೊಬೈಲು ಇರುವವನಿಗೆ, ದಿನವಿಡೀ ಎಲ್ಲೆಲ್ಲಿ ಹೋಗಬೇಕೆಂದು ಬೆಳಿಗ್ಗೆಯೇ ಬಲ್ಲವನಿಗೆ. ಗುಂಡಿಯೊತ್ತುವ ಹಳೆಯ ಫೋನಿನವನಿಗೆ ಆ ಮೊಬೈಲು ಪಾಸಿಲ್ಲ. ಆಸ್ಪತ್ರೆಗೆ ಬಂದವನನ್ನು "ನಾಳೆ ಬಾ", "ಆ ಕಟ್ಟಡಕ್ಕೆ ಹೋಗು" ಎಂದು ಅಲೆಸುವವರು ಬೇರೆಯವರು. ಎಷ್ಟು ಸಲ ಬಸ್ಸು ಹತ್ತಬೇಕಾದೀತೆಂದು ಅವನು ಮೊದಲೇ ಹೇಗೆ ಬಲ್ಲ? ಟಿಕೆಟ್ಟು ಟಿಕೆಟ್ಟಾಗಿ ಕೊಂಡು ಸಂಜೆಯ ಹೊತ್ತಿಗೆ ನೂರು ದಾಟಿದವನಿಗೆ, ಎಂಬತ್ತರ ಪಾಸು ಇತ್ತಲ್ಲ ಎಂದು ಹೇಳಿ ಇಪ್ಪತ್ತು ಹಿಂತಿರುಗಿಸುವವರು ಯಾರೂ ಇಲ್ಲ. ಸಗಟು ಕೊಳ್ಳುವವನಿಗೆ ಅಗ್ಗ, ಚಿಲ್ಲರೆ ಕೊಳ್ಳುವವನಿಗೆ ದುಬಾರಿ. ಪಾವು ಎಣ್ಣೆ ಕೊಳ್ಳುವ ಬಡವನಿಗೆ ಈ ವ್ಯಾಪಾರನೀತಿ ಗೊತ್ತು. ಜನರ ಹಣದಿಂದ ಕಟ್ಟಿದ ಸಾರಿಗೆಯಲ್ಲೂ ಅದೇ ನೀತಿಯೇಕೆ?

ಬೇರೆ ದಾರಿ ಇದೆಯೇ ಎಂದರೆ, ಇದೆ. ಅದು ದೂರದ ಲಂಡನ್ ನಗರದಲ್ಲಿದೆ, ಅದರ ಹಿಂದೊಂದು ಹೋರಾಟವೂ ಇದೆ. 1981ರಲ್ಲಿ ಅಲ್ಲಿನ ಮಹಾನಗರ ಕೌನ್ಸಿಲಿನಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷದವರು ಬಸ್ಸು, ಸುರಂಗ ರೈಲುಗಳ ದರವನ್ನು ಸುಮಾರು ಮೂರನೆಯ ಒಂದು ಭಾಗ ಇಳಿಸಿದರು. ನಷ್ಟವನ್ನು ಆಸ್ತಿ ತೆರಿಗೆಯಿಂದ ತುಂಬಿದರು. ಬ್ರಾಮ್ಲಿ ಎಂಬ ಹೊರವಲಯದ ಕನ್ಸರ್ವೇಟಿವ್ ಆಡಳಿತ ಕೋರ್ಟಿಗೆ ಹೋಯಿತು: ನಮ್ಮಲ್ಲಿ ಸುರಂಗ ರೈಲೇ ಇಲ್ಲ, ನಾವೇಕೆ ಕೊಡಬೇಕು? ಆ ವರ್ಷದ ಡಿಸೆಂಬರಿನಲ್ಲಿ ಪ್ರಭುಗಳ ಸಭೆಯ ನ್ಯಾಯಾಧೀಶರು ಈ ಇಳಿಕೆ ಕಾನೂನುಬಾಹಿರ ಎಂದರು, 1982ರ ಮಾರ್ಚಿನಲ್ಲಿ ದರ ಇಮ್ಮಡಿಯಾಯಿತು. ಕೌನ್ಸಿಲು ಸುಮ್ಮನಾಗಲಿಲ್ಲ. 1983ರಲ್ಲಿ ಮತ್ತೆ ದರ ಇಳಿಸಿತು. ಬಸ್ಸಿಗೂ ಸುರಂಗ ರೈಲಿಗೂ ಒಂದೇ ಪಾಸು ಬಂದದ್ದು ಆ ವರ್ಷವೇ.

2005ರ ಹೊತ್ತಿಗೆ ಅಲ್ಲಿ ಇನ್ನೊಂದು ಹೆಜ್ಜೆ. ಕಾರ್ಡು ಮುಟ್ಟಿಸಿ ಎಷ್ಟು ಸಲ ಬೇಕಾದರೂ ಹತ್ತಿರಿ. ದಿನದ ಮಿತಿ ತಲುಪಿದ ಮೇಲೆ ಯಂತ್ರವೇ ದುಡ್ಡು ಹಿಡಿಯುವುದನ್ನು ನಿಲ್ಲಿಸುತ್ತದೆ. 2014ರಿಂದ ಸುರಂಗ ರೈಲಿನಲ್ಲೂ ಬ್ಯಾಂಕ್ ಕಾರ್ಡು ಮುಟ್ಟಿಸಿ ಹೋಗಬಹುದು, ಮಿತಿ ಅದಕ್ಕೂ ಉಂಟು. ಊರಿಗೆ ಹೊಸದಾಗಿ ಬಂದವನು ಪಾಸಿನ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲಂಡನ್ನಿನ ದರವೇನೂ ಅಗ್ಗವಲ್ಲ, ಅದನ್ನು ಹೊಗಳಲು ನಾವು ಹೊರಟಿಲ್ಲ. ಆದರೆ ಗೊತ್ತಿಲ್ಲದವನಿಂದ ಹೆಚ್ಚು ಕೀಳುವ ಪದ್ಧತಿಯನ್ನು ಅಲ್ಲಿ ಇಷ್ಟರಮಟ್ಟಿಗೆ ತಡೆದಿದ್ದಾರೆ. ಯಂತ್ರಗಳ ರಾಜಧಾನಿ ಎಂದು ಬೀಗುವ ಬೆಂಗಳೂರಿಗೆ ಇದು ಅಸಾಧ್ಯವೇ?

ನಷ್ಟ, ಸಾಲ ಎಂಬ ಹಾಡು ಆಗ ಶುರುವಾಗುತ್ತದೆ. ಮೆಟ್ರೋಗೆ ವಿದೇಶೀ ಸಾಲವಿರುವುದು ನಿಜ. ಆದರೆ ಮೆಟ್ರೋ ಹಾದುಹೋದ ಬೀದಿಯಲ್ಲಿ ಬೆರಳೆತ್ತದೆ ನಿವೇಶನದ ಬೆಲೆ ಏರಿಸಿಕೊಂಡವನೊಬ್ಬನಿದ್ದಾನೆ, ಬಾಡಿಗೆ ಏರಿಸಿದವನಿದ್ದಾನೆ. ಸಾಲದ ಪಾಲನ್ನು ಮೊದಲು ಅವನಿಂದ ಕೇಳಿರಿ. ಟೋಕನ್ನಿನವನೇ ಏಕೆ ಮೊದಲು ಕಣ್ಣಿಗೆ ಬೀಳುತ್ತಾನೆ? ಮೆಟ್ರೋ ಕಂಪನಿಯಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು. 2025ರಲ್ಲಿ ದರ ಏರಿದಾಗ ದಿಲ್ಲಿಯವರು ವಿಧಾನಸೌಧದ ಕಡೆ ಬೆರಳು ತೋರಿಸಿದರು, ವಿಧಾನಸೌಧದವರು ದಿಲ್ಲಿಯ ಕಡೆ. ಇಬ್ಬರೂ ಸೇರಿ ದರನಿಗದಿ ಸಮಿತಿಯ ಕಡೆ ತೋರಿಸಿದರು. ಸಮಿತಿಯು ಓಟು ಕೇಳಲು ಬರುವುದಿಲ್ಲ; ಇವರಿಬ್ಬರೂ ಬರುತ್ತಾರೆ.

ನಾವು ಕೇಳುವುದು ಇಷ್ಟು. ಬಸ್ಸಿಗೂ ಮೆಟ್ರೋಗೂ ಸೇರಿ ಒಂದೇ ದಿನದ ಪಾಸು ಬರಲಿ. ಮೆಟ್ರೋ ಪಾಸು ಬಸ್ಸಿನಲ್ಲಿ ನಡೆಯದು, ಬಸ್ಸಿನ ಪಾಸು ಮೆಟ್ರೋದಲ್ಲಿ ನಡೆಯದು. ಮೆಜೆಸ್ಟಿಕ್ಕಿನಲ್ಲಿ ಒಂದರ ಪಕ್ಕದಲ್ಲೊಂದು ಇರುವ ಎರಡು ಸಂಸ್ಥೆಗಳು ಬೇರೆ ಬೇರೆ ರಾಜ್ಯಗಳಂತೆ ವರ್ತಿಸುತ್ತಿವೆ. ಆ ಪಾಸು ಮೊಬೈಲಿಲ್ಲದವನಿಗೂ ಕಿಟಕಿಯಲ್ಲಿ ನಗದಿಗೆ, ಠೇವಣಿಯಿಲ್ಲದೆ ಸಿಗಲಿ. ಕಾರ್ಡಿನಲ್ಲಿ ಹೋಗುವವನಿಗೆ ದಿನದ ಮಿತಿ ತಾನಾಗಿಯೇ ಬರಲಿ. ಬಸ್ಸಿನಲ್ಲಿ ಚಿಲ್ಲರೆ ಟಿಕೆಟ್ಟು ಕೊಂಡವನು ಅದೇ ದಿನದ ಟಿಕೆಟ್ಟುಗಳನ್ನು ತೋರಿಸಿ, ಉಳಿದ ದುಡ್ಡು ಕೊಟ್ಟು ಪಾಸಾಗಿ ಬದಲಿಸಿಕೊಳ್ಳುವಂತಾಗಲಿ. ಮೂರು ಭಾಷೆಯ ಜಾಹೀರಾತಿಗೆ ಇರುವಷ್ಟು ಗೋಡೆಯಲ್ಲಿ ದರಪಟ್ಟಿಯನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಿಸಲಿ.

ಅಲ್ಲಿಯವರೆಗೆ, ಈ ವಾರ ಹೋಗುವವರು ಹೀಗೆ ಮಾಡಿರಿ. ಹೋಗಬೇಕಾದ ಜಾಗಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ನಾಲ್ಕು ಸಲ ಬಸ್ಸು ಹತ್ತುವಂತಿದ್ದರೆ ಮೊದಲ ಬಸ್ಸಿನಲ್ಲಿಯೇ ಪಾಸು ಕೇಳಿರಿ, ಮಧ್ಯಾಹ್ನದ ಮೇಲೆ ಕೇಳಿದರೆ ಅರ್ಧ ದಂಡ. ಮನೆಯವರು ಜೊತೆಗಿದ್ದರೆ ಅವರ ಗುರುತಿನ ಚೀಟಿ ಮರೆಯಬೇಡಿರಿ. ಸರಕು ತರುವ ವ್ಯಾಪಾರಿಗಳು ನೆನಪಿಡಬೇಕಾದ್ದು, ಮೆಟ್ರೋದಲ್ಲಿ ದೊಡ್ಡ ಗಂಟಿಗೆ ಬೇರೆ ಶುಲ್ಕವುಂಟು. ಕೊಂಡ ಟಿಕೆಟ್ಟುಗಳನ್ನು ಎಸೆಯಬೇಡಿರಿ, ನಮ್ಮ ಕಚೇರಿಗೆ ತಂದುಕೊಡಿರಿ. ಪಾಸಿಗಿಂತ ಹೆಚ್ಚು ತೆತ್ತವರ ಚೀಟಿಗಳನ್ನು ಕಟ್ಟು ಕಟ್ಟಿ ಸಾರಿಗೆ ಮಂತ್ರಿಗಳ ಮೇಜಿನ ಮೇಲೆ ಇಡುವವರಿದ್ದೇವೆ.