ಸ್ಟೀಲು ಬಿಟ್ಟುಕೊಡುತ್ತದೆ, ಮಣ್ಣು ಬಿಡುವುದಿಲ್ಲ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬವೊಂದು ಹಳೆಯ ಅಡುಗೆಮನೆ ಒಡೆದು ಹೊಸದು ಮಾಡಿಸುವುದಾದರೆ ಮೇಸ್ತ್ರಿಯ ಜೊತೆ ತನ್ನ ಧರ್ಮಗುರುವಾದ ರಬ್ಬಿಯನ್ನೂ ವಿಚಾರಿಸುತ್ತದೆ. ಸಿಂಕ್ ಯಾವುದರದ್ದು, ಕಟ್ಟೆಗೆ ಯಾವ ಕಲ್ಲು ಎಂಬುದೂ ಅಲ್ಲಿ ಧರ್ಮಶಾಸ್ತ್ರಕ್ಕೆ ಸೇರಿದ ವಿಷಯ.

ಮೂಲ ವಿಧಿ ಬಹಳ ಚಿಕ್ಕದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲೇ ಬೇಯಿಸುವುದನ್ನು ಯಹೂದಿಗಳ ಧರ್ಮಗ್ರಂಥ ತೋರಾ 3 ಕಡೆ ನಿಷೇಧಿಸುತ್ತದೆ. ಪಂಡಿತರು ಅದನ್ನು ವಿಸ್ತರಿಸಿ ಮಾಂಸವನ್ನೂ ಹಾಲನ್ನೂ ಪೂರ್ತಿ ಬೇರೆ ಮಾಡಿದರು. ಹಾಗಾಗಿ ಪಾತ್ರೆ, ಸೌಟು, ಚಾಕು ಎಲ್ಲವೂ ಎರಡೆರಡು. ಜಾಗವಿದ್ದವರಲ್ಲಿ ಸಿಂಕ್, ಓವನ್‌ಗಳೂ ಎರಡು.

ನನಗೆ ಬೆರಗು ಹುಟ್ಟಿಸುವುದು ವಸ್ತುಗಳ ವಿಚಾರ. ಬಿಸಿ ಆಹಾರದ ರುಚಿಯನ್ನು ಪಾತ್ರೆ ಹೀರಿಕೊಳ್ಳುತ್ತದೆ, ಹೀರಿಕೊಂಡ ರೀತಿಯಲ್ಲೇ ಹೊರಬಿಡುತ್ತದೆ ಎನ್ನುತ್ತದೆ ಆ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಪರಂಪರೆ. ನೀರಿನಲ್ಲಿ ಕುದಿದು ಸೇರಿದ್ದು ಕುದಿನೀರಿನಿಂದ ಹೋಗುತ್ತದೆ. ನೇರ ಉರಿಯಲ್ಲಿ ಹತ್ತಿದ್ದಕ್ಕೆ ಉರಿಯೇ ಆಗಬೇಕು. ಹೀಗೆ ಹೀರಿದ್ದನ್ನು ಹೊರತೆಗೆಯಲು ಬಳಸಿದ ಸ್ಟೀಲ್ ಸಿಂಕನ್ನು ಉಜ್ಜಿ ತೊಳೆದು, 24 ಗಂಟೆ ಬಿಸಿ ತಾಕಿಸದೆ ಬಿಟ್ಟು, ಒರೆಸಿ, ಒಲೆಯಿಂದ ಇಳಿಸಿದ ಮರಳುವ ನೀರನ್ನು ಮೂಲೆಮೂಲೆಗೂ ತಾಗುವಂತೆ ಸುರಿಯುತ್ತಾರೆ. ಗ್ರಾನೈಟ್ ಕಟ್ಟೆಗೂ ಇದೇ ಉಪಚಾರ ಸಲ್ಲುತ್ತದೆಂದು ಬಹಳ ಮಂದಿ ರಬ್ಬಿಗಳ ಮತ. ಅಮೆರಿಕದ ಅಡುಗೆಮನೆಗಳಿಗೆ ನಮ್ಮ ಕರ್ನಾಟಕದ ಗ್ರಾನೈಟೂ ಹೋಗುತ್ತದೆ. ಅದರ ಮೇಲೂ ಈ ನೀರು ಬಿದ್ದಿರಬಹುದು. ಪಿಂಗಾಣಿ ಸಿಂಕಿಗೆ ಮಾತ್ರ ಆ ಅವಕಾಶವಿಲ್ಲ, ಮಣ್ಣಿನ ಪಾತ್ರೆ ಒಮ್ಮೆ ಹೀರಿದ್ದನ್ನು ಪೂರ್ತಿ ಬಿಟ್ಟುಕೊಡದು ಎಂಬುದು ನಂಬಿಕೆ. ಗಾಜಿನ ವಿಷಯದಲ್ಲಿ ಒಮ್ಮತವಿಲ್ಲ: ಅದು ಏನನ್ನೂ ಹೀರದು, ತೊಳೆದರೆ ಸಾಕು ಎನ್ನುತ್ತಾರೆ ಸೆಫಾರ್ದಿ ಪರಂಪರೆಯ ಯಹೂದಿಗಳು, ಮರಳಿನಿಂದ ಹುಟ್ಟಿದ್ದಲ್ಲವೇ, ಮಣ್ಣಿನ ಪಾತ್ರೆಯಂತೆಯೇ ಎಂದು ಅಶ್ಕೆನಾಜಿ ಪರಂಪರೆಯವರು ಬಿಗಿ ಹಿಡಿಯುತ್ತಾರೆ.

ಇಂದಿನ ಸ್ಟೀಲು ಹೇಳಿಕೊಳ್ಳುವಷ್ಟು ಏನನ್ನೂ ಹೀರದು, ನಿಯಮ ಸಡಿಲಿಸಬಹುದು ಎನ್ನುವ ರಬ್ಬಿಗಳೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ. ಆದರೂ ನನ್ನ ಮನಸ್ಸು ಹಳೆಯ ಪದ್ಧತಿಯ ಕಡೆಗೇ ವಾಲುತ್ತದೆ. ಒಂದು ಜೀವ ತೆಗೆದು ಉಣ್ಣುವ ಮನೆಯಲ್ಲಿ, ಕೈಗೆತ್ತಿಕೊಂಡ ಸೌಟು ಯಾವುದೆಂದು ದಿನವೂ ನೋಡಿಕೊಳ್ಳಬೇಕಾದ ಶಿಸ್ತು ಬರಿಯ ಪ್ರಯೋಗಾಲಯದ ಉತ್ತರದಿಂದ ಮುಗಿದುಹೋಗಬಾರದು.

ಎರಡು ಸಿಂಕಿಗೆ ಜಾಗವಾಗಲಿ ಹಣವಾಗಲಿ ಇಲ್ಲದ ಬಾಡಿಗೆ ಮನೆಗಳೇನು ಕಡಿಮೆಯಲ್ಲ. ಅಲ್ಲಿ ಇರುವ ಒಂದೇ ಸಿಂಕನ್ನು ಕೋಷರ್ (ಧರ್ಮಸಮ್ಮತ) ಅಲ್ಲವೆಂದೇ ಎಣಿಸಿ, ಪಾತ್ರೆ ಅದರ ತಳಕ್ಕೆ ತಾಗದಂತೆ ಮಾಂಸಕ್ಕೊಂದು, ಹಾಲಿಗೊಂದು ಪ್ಲಾಸ್ಟಿಕ್ ಬೋಗುಣಿ ಇಟ್ಟು ತೊಳೆಯುತ್ತಾರೆ. ಗುರುತಿಗೆ ಸಾಮಾನ್ಯವಾಗಿ ಮಾಂಸದ್ದು ಕೆಂಪು, ಹಾಲಿನದು ನೀಲಿ.