ಎತ್ತಿನ ಹೆಗಲು, ಪಂಡಿತರ ಅಳತೆಗೋಲು

ಮಣ್ಣೆತ್ತಿನ ಅಮಾವಾಸ್ಯೆಯಂದು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಮನೆಗಳಲ್ಲಿ ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಮರುದಿನ ಜೀವಂತ ಎತ್ತು ಎಂದಿನಂತೆ ನೊಗಕ್ಕೆ ಹೆಗಲು ಕೊಡುತ್ತದೆ. ಆ ಹೆಗಲ ಮೇಲೆ ಬೀಳುವ ಭಾರವೆಷ್ಟೆಂದು ಕೇಳುವುದು ಮಾತ್ರ ಪೂಜಾವಿಧಿಯಲ್ಲಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಪ್ರಾಧ್ಯಾಪಕರೂ ಇದ್ದರು. ದುಡಿಯುವ ದೇಹಕ್ಕೆ ಯಂತ್ರವು ಹೊಂದಬೇಕು, ಯಂತ್ರಕ್ಕಾಗಿ ದೇಹ ಬಾಗಬಾರದು ಎನ್ನುವ ಶಾಸ್ತ್ರಕ್ಕೆ ‘ಎರ್ಗಾನಾಮಿಕ್ಸ್’ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವೈಮಾನಿಕರು ನೆಲಕ್ಕಿಳಿದೊಡನೆ ಒಂದು ಹಿಡಿಯ ಬದಲು ಪಕ್ಕದ ಹಿಡಿಯನ್ನೆಳೆದು, ವಿಮಾನದ ಚಕ್ರಗಳನ್ನೇ ಮಡಚಿ ಅಪಘಾತಕ್ಕೀಡಾಗುತ್ತಿದ್ದರು. ತಪ್ಪು ವೈಮಾನಿಕನದಲ್ಲ, ಒಂದೇ ತೆರನಾಗಿದ್ದ ಹಿಡಿಗಳದೆಂದು ಪರೀಕ್ಷಕರು ಕಂಡುಕೊಂಡರು. ವಿಮಾನಕ್ಕೆ ಸಂದ ಈ ನ್ಯಾಯ ಚಕ್ಕಡಿಗೇಕೆ ಸಲ್ಲಬಾರದು?

1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು, ದೊಡ್ಡ ಉದ್ಯಮಗಳ ಆಡಳಿತವನ್ನು ಬೋಧಿಸುವ ಪೀಠದಲ್ಲಿದ್ದುಕೊಂಡೇ ಎತ್ತಿನ ಗಾಡಿಯನ್ನು ತಮ್ಮ ಅಧ್ಯಯನದ ವಿಷಯವನ್ನಾಗಿಸಿಕೊಂಡರು. ಗಾಡಿಯ ಆಧುನೀಕರಣವನ್ನು ಕುರಿತ ಅವರ ಗ್ರಂಥ 1979ರಲ್ಲಿ ಹೊರಬಂದಿತು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿದ ಭಾರತೀಯ ವಿಜ್ಞಾನ ಮಂದಿರದ ಎಂ. ಆರ್. ರಾಘವನ್ ಮತ್ತು ಡಿ. ಎಲ್. ಪ್ರಸನ್ನ ರಾವ್ ಅವರು ಅದೇ ವರ್ಷ, ಎರಡು ಗಾಲಿಯ ಗಾಡಿಯಲ್ಲಿ ವರ್ತಿಸುವ ಬಲಗಳನ್ನು ಗಣಿತದಿಂದಲೂ ಪ್ರಯೋಗದಿಂದಲೂ ಅಳೆದು ಪ್ರಕಟಿಸಿದರು.

ಲೆಕ್ಕದ ಸಾರ ಸರಳ. ಹೇರು ಅಚ್ಚಿನಿಂದ ಮುಂದಕ್ಕೆ ವಾಲಿದರೆ ನೊಗ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ವಾಲಿದರೆ ನೊಗ ಮೇಲೆದ್ದು ಕೊರಳಿನ ಪಟ್ಟಿ ಗಂಟಲನ್ನು ಬಿಗಿಯುತ್ತದೆ. ಏರಿನಲ್ಲಿ ಭಾರ ಹಿಂದೆ ಸರಿಯುತ್ತದೆ, ಇಳಿಜಾರಿನಲ್ಲಿ ಮುಂದೆ ಬರುತ್ತದೆ. ತಡೆಯಿಲ್ಲದ ಗಾಡಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವವು ಎತ್ತುಗಳೇ. ಚಕ್ಕಡಿ ಹೊಡೆಯುವವನು ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿದು ಕೂರುವುದು ಇದೇ ಗಣಿತದಿಂದ. ಅವನು ಅದನ್ನು ಕಾಗದದ ಮೇಲೆ ಬರೆದಿಲ್ಲ, ಅಷ್ಟೆ. ಆದರೆ ಕಬ್ಬಿನ ಹೇರು ಮೈಮುರಿಯುವಷ್ಟಿದ್ದಾಗ ಒಬ್ಬನ ಮೈತೂಕದಿಂದ ಆಗುವುದೇನು? ಗಾಳಿ ತುಂಬಿದ ಗಾಲಿ, ನುಣುಪಾದ ಬೇರಿಂಗು, ಬ್ರೇಕು, ಹೆಗಲಿಗೊಪ್ಪುವ ನೊಗ ಇವು ಬೇಕೆಂದಾದುದು ಅದಕ್ಕಾಗಿಯೇ. ಬೇಕೆಂದೊಡನೆ ಬಂದುವೇ? ಸುಧಾರಿಸಿದ ಗಾಡಿಯ ಬೆಲೆ ರೈತನ ಕೈಗೆಟುಕದಿದ್ದರೆ, ಪಂಡಿತರ ಲೆಕ್ಕ ಸರಿಯಾಗಿದ್ದೂ ಎತ್ತಿನ ಹುಣ್ಣು ಮಾಯುವುದಿಲ್ಲ.

ಇಂದು ಎರೆಹೊಲದಲ್ಲಿ ಟ್ರಾಕ್ಟರು ಓಡುತ್ತಿದೆ. ನೊಗದ ಭಾರ ತಪ್ಪಿದ ಕಡೆ ಅದರ ಕುಲುಕಾಟವನ್ನು ದಿನವಿಡೀ ತಾಳುವುದು ಚಾಲಕನ ಬೆನ್ನುಮೂಳೆ. ವಿಜ್ಞಾನ ಮಂದಿರದಲ್ಲಿ ಈಗ ವಿನ್ಯಾಸಕ್ಕೆಂದೇ ಒಂದು ವಿಭಾಗವಿದೆ. ಸಿಂದಗಿಯ ಅಥವಾ ಇಂಡಿಯ ಹುಡುಗಿಯೊಬ್ಬಳು ಅಲ್ಲಿ ವಾಹನ ವಿನ್ಯಾಸವನ್ನು ಕಲಿಯಹೊರಟರೆ, ಮೊದಲ ಪಾಠಕ್ಕಾಗಿ ದೂರ ಹೋಗಬೇಕಾದುದಿಲ್ಲ. ಮನೆಯ ಹಕ್ಕೆಯಲ್ಲಿ ನಿಂತ ಎತ್ತಿನ ಹೆಗಲನ್ನೊಮ್ಮೆ ಸವರಿ, ಸಂಜೆ ಟ್ರಾಕ್ಟರಿನಿಂದಿಳಿದ ಅಣ್ಣನ ನಡಿಗೆಯನ್ನು ನೋಡಿದರೆ ಸಾಕು.